ಕಿರ್ಗಿಸ್ತಾನದ ಸೋಂಗ್-ಕೋಲ್‌ಗೆ ಕುದುರೆ ಮೇಲೆ: ಮೊದಲ ಸಲ ಹೋಗೋರು ಓದ್ಕೊಳ್ಳಿ

ಕಿರ್ಗಿಸ್ತಾನಕ್ಕೆ ಹೋಗಿ ಕುದುರೆ ಮೇಲೆ ಬೆಟ್ಟ ಹತ್ತಿ ಬಂದೆ ಅಂತ ಗೊತ್ತಾದಾಗಿಂದ ಎಲ್ರೂ ಕೇಳೋದು ಅದೇ ಮೂರು ಪ್ರಶ್ನೆ. ನಂಗೆ ಕುದುರೆ ಸವಾರಿ ಬರಲ್ಲ, ಆಗತ್ತಾ? ವೆಜ್ ಸಿಗತ್ತಾ? ಎಷ್ಟಾಗತ್ತೆ? ಒಬ್ಬೊಬ್ಬರಿಗೂ ಹತ್ತತ್ತು ನಿಮಿಷ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಗಂಟಲು ಕಟ್ಟೋಯ್ತು, ಅದಕ್ಕೆ ಒಂದೇ ಸಲ ಎಲ್ಲಾ ಬರೆದಿಡ್ತಿದೀನಿ.

ಚಿಕ್ಕದಾಗಿ ಹೇಳ್ಬೇಕಂದ್ರೆ: ಆಗತ್ತೆ. ಹೇಳಿ ಮಾಡಿಸ್ಕೊಂಡ್ರೆ ಸಿಗತ್ತೆ. ಯೂರೋಪ್ ಟ್ರಿಪ್‌ನಷ್ಟಂತೂ ಆಗಲ್ಲ. ಆದ್ರೆ ಕೇಳಲೇಬೇಕಾದ ನಾಲ್ಕನೇ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳಲ್ಲ. ಎತ್ತರದ್ದು. ನಡ್ಕೊಂಡು ಬೆಟ್ಟ ಹತ್ತೋವಾಗ ಏದುಸಿರು ಬಂದು ನೀವೇ ನಿಂತ್ಕೋತೀರ, ದೇಹವೇ ಬ್ರೇಕ್ ಹಾಕತ್ತೆ. ಕುದುರೆ ಮೇಲೆ ಆ ಬ್ರೇಕೇ ಇಲ್ಲ, ಏದುಸಿರು ಬಿಡೋದು ಕುದುರೆ, ನೀವು ಮೇಲೆ ಕೂತು ಫೋಟೋ ತಕ್ಕೊಂಡು ಆರಾಮಾಗಿ ಮೂರು ಸಾವಿರ ಮೀಟರ್ ದಾಟಿರ್ತೀರ, ಬಿಲ್ ಬರೋದು ರಾತ್ರಿ ಮಲಗಿದ್ಮೇಲೆ. ಕೆಳಗಿನ ಪ್ಲಾನಿಂಗ್ ಎಲ್ಲಾ ಇದೊಂದನ್ನ ತಲೇಲಿಟ್ಕೊಂಡೇ ಮಾಡಿರೋದು.

ಜಾಗದ ಬಗ್ಗೆ ಎರಡು ಮಾತು. ಸೋಂಗ್-ಕೋಲ್ ಅಂದ್ರೆ ನರಿನ್ ಪ್ರಾಂತ್ಯದಲ್ಲಿ 3016 ಮೀಟರ್ ಎತ್ತರದಲ್ಲಿರೋ ದೊಡ್ಡ ಸರೋವರ, ಸುತ್ತ ಬೆಟ್ಟ, ಮಧ್ಯ ಬರೀ ಹುಲ್ಲು, ನೆರಳಿಗೆ ಅಂತ ಒಂದು ಮರ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್, ಅದರ ಮೇಲೆ ಇನ್ನೂ ಒಂದು ಸಾವಿರ ಮೀಟರ್ ಬೆಟ್ಟ ಇಟ್ಟು ಅದರ ತಲೆ ಮೇಲೆ ಕೆರೆ ಕಟ್ಟಿದಂಗೆ ಅಂದ್ಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ಯಾರೂ ಇರಲ್ಲ. ಜೂನ್ ಬಂದ್ರೆ ಕೆಳಗಿನ ಹಳ್ಳಿಗಳಿಂದ ಕುರುಬ ಕುಟುಂಬಗಳು ಕುರಿ, ಕುದುರೆ, ಮನೆ ಸಮೇತ ಮೇಲಕ್ಕೆ ಬರ್ತಾರೆ. ಬೇಸಿಗೆಯ ಈ ಹುಲ್ಲುಗಾವಲಿಗೆ ಜಾಯ್ಲೋ ಅಂತಾರೆ, ಅವರ ದುಂಡನೆ ಉಣ್ಣೆ ಕಂಬಳಿ ಮನೆಗೆ ಬೋಝ್ ಉಯ್. ನಾವು ಯುರ್ಟ್ ಅಂತ ಕರೆಯೋದು ಇದನ್ನೇ.

ಹಂತ 1: ಯಾವಾಗ ಹೋಗೋದು

ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ, ಅಷ್ಟೇ. ಜುಲೈ-ಆಗಸ್ಟ್ ಸೇಫ್. ನಮ್ಮಲ್ಲಿ ಮಕ್ಕಳಿಗೆ ರಜೆ ಏಪ್ರಿಲ್-ಮೇ, ಆಗ ಹೋಗ್ಬಹುದಾ ಅಂತ ಸುಮಾರು ಜನ ಕೇಳ್ತಾರೆ, ಬೇಡ, ಆಗ ಸರೋವರ ಇನ್ನೂ ಹೆಪ್ಪುಗಟ್ಟಿರತ್ತೆ, ಘಾಟಿ ದಾರೀಲಿ ಹಿಮ, ಮೇಲೆ ಒಂದು ಯುರ್ಟೂ ಇರಲ್ಲ. ಜುಲೈ ಅಂದ್ರೆ ಬೆಚ್ಚಗಿರತ್ತೆ ಅಂತಾನೂ ತಿಳ್ಕೋಬೇಡಿ. ಹಗಲು ಬಿಸಿಲಿಗೆ ಮೂಗು ಸುಲಿಯತ್ತೆ, ರಾತ್ರಿ ಸೊನ್ನೆ ಹತ್ರ ಹೋಗತ್ತೆ, ಮಧ್ಯಾಹ್ನ ಆಲಿಕಲ್ಲು ಮಳೆ, ಒಂದೊಂದ್ಸಲ ಜುಲೈಲೇ ಹಿಮ ಬೀಳತ್ತೆ.

ಹಂತ 2: ಎಷ್ಟು ದಿನ, ಯಾವ ದಾರಿ

ಮೊದಲ ಸಲ ಹೋಗೋರಿಗೆ ನನ್ನ ಸಲಹೆ ಮೂರು ಹಗಲು ಎರಡು ರಾತ್ರಿ. ಹೊರಡೋದು ಕಿಝಾರ್ಟ್ ಅನ್ನೋ ಹಳ್ಳಿಯಿಂದ. ಮೊದಲನೇ ದಿನ ಕಿಲೆಮ್ಚೆ ಜಾಯ್ಲೋವರೆಗೆ ನಾಲ್ಕೈದು ಗಂಟೆ ಸವಾರಿ, ರಾತ್ರಿ ಅಲ್ಲೇ ಯುರ್ಟ್‌ನಲ್ಲಿ, ಅದು ಹತ್ತಿರತ್ರ 2500 ಮೀಟರ್. ಎರಡನೇ ದಿನ ಜಾಲ್ಗಿಜ್-ಕರಗಾಯ್ ಅನ್ನೋ ಪಾಸ್ ಹತ್ತಿ, 3300 ಮೀಟರ್ ಆಚೆಈಚೆ, ಆ ಕಡೆ ಇಳಿದ್ರೆ ಸರೋವರ. ಪಾಸ್ ಅಂದ್ರೆ ಎರಡು ಬೆಟ್ಟದ ನಡುವೆ ದಾಟೋ ಕಣಿವೆ ಬಾಯಿ, ನಮ್ಮ ಘಾಟಿ ಇದ್ದಂಗೆ. ಮೂರನೇ ದಿನ ಬೇರೆ ಪಾಸ್ ಹಿಡಿದು ವಾಪಸ್ ಹಳ್ಳಿಗೆ.

ಒಂದೇ ದಿನದಲ್ಲಿ ಹೋಗಿ ಬರೋದು, ಇಲ್ಲ ಒಂದೇ ರಾತ್ರಿಯ ಪ್ಯಾಕೇಜು, ಇವನ್ನೂ ಮಾರ್ತಾರೆ. ತಗೋಬೇಡಿ. ಮಧ್ಯದ ಕಿಲೆಮ್ಚೆ ರಾತ್ರಿಯೇ ನಿಮ್ಮನ್ನ ಕಾಪಾಡೋದು. ಸುಮಾರು 2500-3000 ಮೀಟರ್ ಮುಟ್ಟಿದ್ಮೇಲೆ ಮಲಗೋ ಜಾಗದ ಎತ್ತರ ಒಂದು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಬಾರ್ದು ಅಂತ ಬೆಟ್ಟದ ಡಾಕ್ಟರುಗಳು ಹೇಳೋ ಲೆಕ್ಕ, 2500 ಆದ್ಮೇಲೆ 3000 ಅದಕ್ಕೆ ಕರೆಕ್ಟಾಗಿ ಕೂರತ್ತೆ. ಸಮಯ ಇದ್ರೆ ಸರೋವರದ ಹತ್ರ ಇನ್ನೊಂದು ರಾತ್ರಿ ಹಾಕ್ಕೊಳ್ಳಿ. ಕುದುರೆ ಕಟ್ಟಿ ಹಾಕಿ ಸುಮ್ನೆ ಕೂರೋ ದಿನ ಒಂದಿರ್ಬೇಕು, ಅದು ಪ್ಯಾಕೇಜಿನವರಿಗೆ ಅರ್ಥ ಆಗಲ್ಲ.

ಈ ದಾರಿಗೆ ಯಾವ ಪರ್ಮಿಟ್ಟೂ ಬೇಡ. ಫೋಟೋ ನೋಡಿ ಕೋಲ್-ಸೂ ಸರೋವರಕ್ಕೂ ಹೋಗೋಣ ಅಂತ ಆಸೆಯಾದ್ರೆ ನೆನಪಿರ್ಲಿ, ಅದು ಚೀನಾ ಗಡಿ ಹತ್ರ, ಬಾರ್ಡರ್ ಪರ್ಮಿಟ್ ಮೊದಲೇ ಮಾಡಿಸ್ಬೇಕು.

ಹಂತ 3: ವೀಸಾ, ದಾರಿ, ಇನ್ಶೂರೆನ್ಸ್

ಭಾರತದ ಪಾಸ್‌ಪೋರ್ಟ್‌ಗೆ ಕಿರ್ಗಿಸ್ತಾನದ ವೀಸಾ ಬೇಕೇ ಬೇಕು. ಆನ್‌ಲೈನ್ ಇ-ವೀಸಾ ಇದೆ, ಸರ್ಕಾರದ ಪೋರ್ಟಲ್‌ನಲ್ಲೇ ಹಾಕಿ, ರೂಲ್ಸ್ ಆಗಾಗ ಬದಲಾಗ್ತಿರತ್ತೆ ಹಂಗಾಗಿ ಟಿಕೆಟ್ ಬುಕ್ ಮಾಡೋಕೆ ಮುಂಚೆ ಅಲ್ಲೇ ಓದ್ಕೊಳ್ಳಿ, ಎರಡು ವರ್ಷದ ಹಿಂದೆ ಹೋದೋರ ಮಾತು ಕೇಳ್ಬೇಡಿ, ನನ್ನದೂ ಸೇರ್ಸಿ. ಕೆಲವರು ಕಜಾಕಿಸ್ತಾನದ ಅಲ್ಮಾಟಿಗೆ ಹಾರಿ ಅಲ್ಲಿಂದ ರಸ್ತೇಲಿ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ಗೆ ಬರ್ತಾರೆ, ಸುಮಾರು 240 ಕಿಲೋಮೀಟರ್, ಗಡೀಲಿ ಇಳಿದು ಬ್ಯಾಗ್ ಹೊತ್ಕೊಂಡು ನಡೆದೇ ದಾಟ್ಬೇಕು. ಕಜಾಕಿಸ್ತಾನ 2022ರಿಂದ ನಮಗೆ 14 ದಿನ ವೀಸಾ ಇಲ್ಲದೆ ಬಿಡ್ತಿದೆ, ಅದು ಅನುಕೂಲ.

ಬಿಷ್ಕೆಕ್‌ನಿಂದ ಕಿಝಾರ್ಟ್ ದಾರೀಲಿ ಸಿಗೋ ಕೊಚ್ಕೋರ್ ಅನ್ನೋ ಊರಿಗೆ ಶೇರ್ ಟ್ಯಾಕ್ಸಿ ಅಥವಾ ಮರ್ಶ್ರುತ್ಕಾ. ಮರ್ಶ್ರುತ್ಕಾ ಅಂದ್ರೆ ನಮ್ಮ ಮ್ಯಾಕ್ಸಿಕ್ಯಾಬ್, ತುಂಬಿದ್ಮೇಲೇ ಹೊರಡೋದು. ಮೂರ್ನಾಲ್ಕು ಗಂಟೆ. ಬಿಷ್ಕೆಕ್ 800 ಮೀಟರ್, ಕೊಚ್ಕೋರ್ ಸುಮಾರು 1800, ಆ ರಾತ್ರಿ ಕೊಚ್ಕೋರ್‌ನಲ್ಲೇ ಮಲ್ಕೊಳ್ಳಿ. ಬೆಳಗ್ಗೆ ಏರ್‌ಪೋರ್ಟಲ್ಲಿ ಇಳಿದು ಸಂಜೆಗೆ ಕಾರಲ್ಲೇ ಸರೋವರಕ್ಕೆ ಹೋಗೋದು ಅಂದ್ರೆ ತಲೆನೋವನ್ನ ದುಡ್ಡು ಕೊಟ್ಟು ತಂದ್ಕೊಂಡಂಗೆ.

ಇನ್ಶೂರೆನ್ಸ್ ತಗೊಳ್ಳೋವಾಗ ಎರಡು ಸಾಲು ಹುಡುಕಿ ಓದಿ: ಕುದುರೆ ಸವಾರಿ ಕವರ್ ಆಗತ್ತಾ, ಎಷ್ಟು ಮೀಟರ್ ಎತ್ತರದವರೆಗೆ. ಮಾಮೂಲಿ ಟ್ರಾವೆಲ್ ಪಾಲಿಸಿಗಳಲ್ಲಿ ಅಡ್ವೆಂಚರ್ ಸ್ಪೋರ್ಟ್ಸ್ ಅಂತ ಹೇಳಿ ಇದನ್ನ ಹೊರಗಿಟ್ಟಿರೋದು ಮಾಮೂಲು. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಮೇಲ್‌ನಲ್ಲಿ ಬರೆಸ್ಕೊಳ್ಳಿ.

ಹಂತ 4: ಊರಲ್ಲೇ ಪ್ರಾಕ್ಟೀಸ್

ಊಟಿ ಕೆರೆ ಹತ್ರ ಕುದುರೆಯವನು ಹಗ್ಗ ಹಿಡ್ಕೊಂಡು ಐದು ನಿಮಿಷ ಸುತ್ತಾಡಿಸಿದ್ದು ಅನುಭವ ಅಲ್ಲ. ಹಂಗಂತ ಜಾಕಿ ಆಗ್ಬೇಕಿಲ್ಲ. ಸವಾರಿನೇ ಬರದೇ ಇರೋರು ದಿನಾ ಈ ದಾರೀಲಿ ಹೋಗ್ತಾರೆ, ಕುದುರೆಗೆ ದಾರಿ ನಿಮಗಿಂತ ಚೆನ್ನಾಗಿ ಗೊತ್ತಿರತ್ತೆ, ಹೆಚ್ಚಿನ ಹೊತ್ತು ನಡಿಗೆನೇ. ಬೆಂಗಳೂರು, ಮೈಸೂರು ಕಡೆ ರೈಡಿಂಗ್ ಸ್ಕೂಲ್ ಇವೆ, ಐದಾರು ಕ್ಲಾಸ್ ಸಾಕು. ಕಲಿಬೇಕಾದ್ದು ನಾಲ್ಕೇ: ಹತ್ತೋದು, ಇಳಿಯೋದು, ನಿಲ್ಲಿಸೋದು, ಟ್ರಾಟ್‌ನಲ್ಲಿ ಕೂರೋದು. ಟ್ರಾಟ್ ಅಂದ್ರೆ ಕುದುರೆ ನಡಿಗೆಗೂ ಓಟಕ್ಕೂ ಮಧ್ಯದ ದುಡುಕು ನಡೆ, ಸರಿಯಾಗಿ ಕೂರಕ್ಕೆ ಬರ್ಲಿಲ್ಲ ಅಂದ್ರೆ ಹೊಟ್ಟೆಲಿರೋದೆಲ್ಲಾ ಕುಲುಕಾಡತ್ತೆ.

ನಿಜವಾದ ಪ್ರಾಬ್ಲಂ ಕಲಿಕೆ ಅಲ್ಲ, ಕೂರೋದು. ಐದು ಗಂಟೆ ಕಾಲು ಅಗಲಿಸಿ ಕೂತ್ರೆ ತೊಡೆ ಒಳಗಡೆ, ಮಂಡಿ, ಬಾಲದ ಮೂಳೆ ಮೂರೂ ಕೇಸ್ ಹಾಕತ್ತೆ. ಎರಡು ತಿಂಗಳು ಮುಂಚೆಯಿಂದ ದಿನಾ ಬೈಠಕ್ ಹೊಡೀರಿ, ಚಕ್ಕಳಮಕ್ಕಳ ಹಾಕ್ಕೊಂಡು ನೆಲದ ಮೇಲೆ ಕೂತು ಊಟ ಮಾಡಿ, ಬದ್ಧಕೋನಾಸನ ಮಾಡಿ, ಅದೇ ಚಿಟ್ಟೆ ಥರ ಪಾದ ಜೋಡಿಸಿ ಮಂಡಿ ಅಲ್ಲಾಡ್ಸೋದು. ನಗಬೇಡಿ, ತುಂಬಾ ಉಪಯೋಗ ಆಗತ್ತೆ. ತೂಕ 90-95 ಕೆಜಿ ಮೇಲಿದ್ರೆ ಮುಚ್ಚಿಡದೇ ಮೊದಲೇ ಹೇಳಿ. ಅಲ್ಲಿಯ ಕುದುರೆಗಳು ಗಿಡ್ಡ, ಗಟ್ಟಿ, ಆದ್ರೂ ಅದಕ್ಕೂ ಒಂದು ಲಿಮಿಟ್ ಇದೆ.

ಹಂತ 5: ಏನೇನು ತಗೊಂಡು ಹೋಗೋದು

ದೊಡ್ಡ ಸೂಟ್‌ಕೇಸ್ ಕೊಚ್ಕೋರ್‌ನಲ್ಲಿ ಬಿಟ್ಟೋಗಿ. ಕುದುರೆ ಮೇಲೆ ಹೋಗೋದು ಏಳೆಂಟು ಕೆಜಿ, ಅದೂ ಕುರ್ಜುನ್ ಅನ್ನೋ ಜೋಡಿ ಚೀಲದಲ್ಲಿ, ಜೀನಿನ ಹಿಂದೆ ಎರಡೂ ಕಡೆ ಇಳಿಬಿಡ್ತಾರೆ. ಎರಡೂ ಕಡೆ ತೂಕ ಸಮ ಇರ್ಬೇಕು, ಇಲ್ಲಾಂದ್ರೆ ಜೀನು ಒಂದು ಕಡೆ ವಾಲತ್ತೆ. ಬೆನ್ನಿಗೆ ಬ್ಯಾಗ್ ಹಾಕ್ಕೋಬೇಡಿ, ನೀರಿನ ಬಾಟಲು ಹಿಡಿಸೋ ಸಣ್ಣದು ಆದ್ರೆ ಓಕೆ.

ಪ್ಯಾಂಟು: ಜೀನ್ಸ್ ಬೇಡವೇ ಬೇಡ. ಒಳತೊಡೆ ಹತ್ರ ಬರೋ ದಪ್ಪ ಹೊಲಿಗೆ ಸಂಜೆಯೊಳಗೆ ಚರ್ಮ ಕಿತ್ತಾಕತ್ತೆ. ಸೈಕ್ಲಿಂಗ್ ಶಾರ್ಟ್ಸ್ ಒಳಗೆ, ಮೇಲೆ ಸಡಿಲ ಟ್ರ್ಯಾಕ್ ಪ್ಯಾಂಟ್, ಜೊತೆಗೆ ಒಂದು ಡಬ್ಬಿ ವ್ಯಾಸಲಿನ್. ಉರಿ ಶುರುವಾದ್ಮೇಲೆ ಹಚ್ಚೋದಲ್ಲ, ಹೊರಡೋಕೆ ಮುಂಚೆನೇ ಹಚ್ಕೊಳ್ಳಿ.

ಶೂ: ಇದು ಸೀರಿಯಸ್. ದಪ್ಪ ಅಗಲ ಟ್ರೆಕ್ಕಿಂಗ್ ಬೂಟು ರಿಕಾಪಿನಲ್ಲಿ ಸಿಕ್ಕಾಕ್ಕೊಳತ್ತೆ. ರಿಕಾಪು ಅಂದ್ರೆ ಕಾಲಿಡೋ ಕಬ್ಬಿಣದ ಬಳೆ, ಸ್ಟಿರಪ್ ಅಂತಾರಲ್ಲ ಅದು. ಬಿದ್ದಾಗ ಕಾಲು ಬಿಡಿಸ್ಕೊಳ್ಳಲಿಲ್ಲ ಅಂದ್ರೆ ಕುದುರೆ ಎಳ್ಕೊಂಡು ಹೋಗತ್ತೆ, ಈ ಟ್ರಿಪ್ಪಲ್ಲಿ ಜೀವಕ್ಕೇ ಅಪಾಯ ತರೋದ್ರಲ್ಲಿ ಇದೂ ಒಂದು. ಸಣ್ಣ ಹಿಮ್ಮಡಿ ಇರೋ, ಮುಂದೆ ತೆಳ್ಳಗಿರೋ ಶೂ ಹಾಕ್ಕೊಳ್ಳಿ. ಹೆಲ್ಮೆಟ್ ಅಲ್ಲಿ ಸಿಗತ್ತೆ ಅನ್ನೋ ಗ್ಯಾರಂಟಿ ಇಲ್ಲ, ಇಲ್ಲಿಂದಲೇ ತಗೊಂಡೋಗಿ. ಗೈಡ್ ಹುಡುಗ ಬರೀ ಟೋಪಿ ಹಾಕಿರ್ತಾನೆ, ಅವನು ನಡೆಯೋಕೆ ಮುಂಚೆ ಕುದುರೆ ಮೇಲೆ ಕೂತೋನು, ಅವನ ಜೊತೆ ಕಾಂಪಿಟೇಶನ್ ಬೇಡ.

ಮಳೆಗೆ ಮೈಗೆ ಅಂಟ್ಕೊಳ್ಳೋ ರೈನ್ ಜಾಕೆಟ್, ಪೊಂಚೋ ಬೇಡ. ನಾನು ಗಾಳೀಲಿ ಕುದುರೆ ಮೇಲೇ ಕೂತು ಪ್ಲಾಸ್ಟಿಕ್ ಪೊಂಚೋ ಹಾಕ್ಕೊಳಕ್ಕೆ ಹೋದೆ, ಅದು ಪಟಪಟ ಅಂದಿದ್ದೇ ತಡ ಕುದುರೆ ಚಂಗನೆ ಎಗರಿ ಓಡ್ತು, ನಾನು ಅದರ ಕತ್ತು ತಬ್ಕೊಂಡು ಎಲ್ಲಾ ದೇವರನ್ನೂ ಕರೆದೆ. ಏನೇ ಹಾಕ್ಕೊಳ್ಳೋದಿದ್ರೂ ಇಳಿದು ಹಾಕ್ಕೊಳ್ಳಿ.

ಉಳಿದದ್ದು ಬೇಗ ಹೇಳ್ತೀನಿ: ಉಣ್ಣೆ ಥರ್ಮಲ್ ಒಂದು ಜೊತೆ, ಫ್ಲೀಸ್, ಡೌನ್ ಜಾಕೆಟ್, ಕೈಗವಸು, ಸನ್‌ಸ್ಕ್ರೀನ್, ಹೆಡ್‌ಲ್ಯಾಂಪ್, ಪವರ್‌ಬ್ಯಾಂಕ್, ಟಾಯ್ಲೆಟ್ ಪೇಪರ್, ಸ್ಯಾನಿಟರಿ ಪ್ಯಾಡು, ಓಆರ್‌ಎಸ್, ನೀರಿನ ಫಿಲ್ಟರ್. ಪವರ್‌ಬ್ಯಾಂಕ್ ರಾತ್ರಿ ಹಾಸಿಗೆ ಒಳಗೇ ಇಟ್ಕೊಳ್ಳಿ, ಚಳಿಗೆ ಬೇಗ ಇಳಿದೋಗತ್ತೆ.

ಹಂತ 6: ಕೊಚ್ಕೋರ್‌ನಲ್ಲಿ ಮಾತಾಡೋದು, ದುಡ್ಡು

ಕೊಚ್ಕೋರ್‌ನಲ್ಲಿ ಸಿಬಿಟಿ ಅಂತ ಊರಿನವರದ್ದೇ ಪ್ರವಾಸೋದ್ಯಮ ಸಂಘ ಇದೆ, ಬೇರೆ ಆಪರೇಟರ್‌ಗಳೂ ಇದಾರೆ. ಪೀಕ್ ಸೀಸನ್ ಬಿಟ್ರೆ ಹಿಂದಿನ ದಿನ ಹೋಗಿ ಕೇಳಿದ್ರೂ ಆಗತ್ತೆ. ಎರಡು ಮೂರು ಜನ ಸೇರಿ ಮೂರು ದಿನಕ್ಕೆ ಹೋದ್ರೆ ಕುದುರೆ, ಗೈಡು, ಊಟ, ಯುರ್ಟ್ ಎಲ್ಲಾ ಸೇರಿ ತಲೆಗೆ 15ರಿಂದ 25 ಸಾವಿರ ಸೋಮ್ ಇಟ್ಕೊಳ್ಳಿ, ಸೋಮ್ ಅಂದ್ರೆ ಅಲ್ಲಿಯ ಕರೆನ್ಸಿ. ಗೈಡ್ ದುಡ್ಡು, ಅವನ ಕುದುರೆ ದುಡ್ಡು ಎಲ್ರೂ ಹಂಚ್ಕೋಬೇಕು, ಹಂಗಾಗಿ ಒಬ್ರೇ ಹೋದ್ರೆ ಜೇಬಿಗೆ ಜೋರಾಗೇ ಬೀಳತ್ತೆ. ಖುಷಿಯ ವಿಷ್ಯ, ಸೋಮ್‌ಗೂ ರೂಪಾಯಿಗೂ ಹೆಚ್ಚುಕಡಿಮೆ ಒಂದಕ್ಕೊಂದು, ತಲೆ ಕೆಡ್ಸ್ಕೊಂಡು ಗುಣಿಸೋ ಕೆಲಸ ಇಲ್ಲ.

ಮುಂಗಡ ಕೊಡೋಕೆ ಮುಂಚೆ ಕೇಳ್ಲೇಬೇಕಾದ್ದು: ರೇಟಲ್ಲಿ ಗೈಡ್‌ನ ಊಟ, ಅವನ ಕುದುರೆ ಸೇರಿದೆಯಾ? ಕಿಝಾರ್ಟ್‌ವರೆಗಿನ ಕಾರು ಸೇರಿದೆಯಾ? ಯುರ್ಟ್‌ನಲ್ಲಿ ನಾವಷ್ಟೇನಾ, ಬೇರೆಯವರೂ ಇರ್ತಾರಾ? ಮಳೆ ಬಂದು ಒಂದು ದಿನ ನಿಂತ್ರೆ ಎಕ್ಸ್‌ಟ್ರಾ ಎಷ್ಟು? ನಂಗೆ ಮೊದಲನೇ ಪ್ರಶ್ನೆ ಕೇಳ್ಬೇಕು ಅಂತ ಹೊಳೀಲಿಲ್ಲ, ಕೊನೇ ದಿನ ಹೊಸ ಲೆಕ್ಕ ಹೇಳಿದ್ರು, ಭಾಷೆ ಬರದೇ ಜಗಳ ಆಡೋದೂ ಕಷ್ಟ. ಒಂದು ಚೀಟೀಲಿ ಅಂಕೆ ಬರೆಸ್ಕೊಂಡ್ರೆ ಮುಗೀತು.

ಎಟಿಎಂ ಕೊಚ್ಕೋರ್‌ನಲ್ಲೇ ಕೊನೆ. ಮೇಲೆ ಕಾರ್ಡಿಲ್ಲ, ಸಿಗ್ನಲ್ಲೂ ಹೆಚ್ಚಿನ ಕಡೆ ಇಲ್ಲ. ಟಿಪ್ಸ್, ಹೆಚ್ಚುವರಿ ರಾತ್ರಿ, ಎಮರ್ಜೆನ್ಸಿ ಕಾರು, ಇಷ್ಟಕ್ಕೆ ಕ್ಯಾಶ್ ಇರ್ಲಿ. ಮನೆಯವರಿಗೆ ಮೂರು ದಿನ ಫೋನ್ ಇರಲ್ಲ ಅಂತ ಮೊದಲೇ ಹೇಳಿ ಹೋಗಿ, ಇಲ್ಲಾಂದ್ರೆ ಅವರು ಎಂಬೆಸಿಗೆ ಫೋನ್ ಮಾಡಿರ್ತಾರೆ.

ಹಂತ 7: ಕುದುರೆ ಹತ್ರ ಹೋಗೋದು, ಹತ್ತೋದು

ಹಿಂದಿನಿಂದ ಹೋಗ್ಬೇಡಿ. ಎಡಗಡೆಯಿಂದ, ಭುಜದ ಹತ್ರ, ಅದಕ್ಕೆ ಕಾಣೋ ಹಂಗೆ ಹೋಗಿ. ಹತ್ತೋಕೆ ಮುಂಚೆ ಎರಡು ಚೆಕ್. ಒಂದು, ಹೊಟ್ಟೆ ಸುತ್ತ ಬಿಗಿಯೋ ಪಟ್ಟಿ. ಕುದುರೆಗಳು ಬುದ್ಧಿವಂತರು, ಪಟ್ಟಿ ಕಟ್ಟೋವಾಗ ಹೊಟ್ಟೆ ಉಬ್ಬಿಸ್ಕೊಂಡು ನಿಲ್ತವೆ, ಹತ್ತು ನಿಮಿಷ ನಡೆದ್ಮೇಲೆ ಸಡಿಲ ಆಗತ್ತೆ, ಆಗ ಗೈಡ್‌ಗೆ ಹೇಳಿ ಇನ್ನೊಂದ್ಸಲ ಬಿಗಿಸ್ಕೊಳ್ಳಿ. ಎರಡು, ರಿಕಾಪಿನ ಉದ್ದ: ಬೆರಳ ತುದಿ ಜೀನಿಗೆ ರಿಕಾಪಿನ ಪಟ್ಟಿ ಸಿಗಿಸಿರೋ ಜಾಗಕ್ಕೆ ತಾಗಿಸಿ ಕೈ ಚಾಚಿದ್ರೆ ರಿಕಾಪಿನ ತಳ ಕಂಕುಳಿಗೆ ಬರ್ಬೇಕು. ಗಿಡ್ಡ ಆದ್ರೆ ಮಂಡಿ ಹೋಯ್ತು. ಇದೊಂದು ಸರಿ ಮಾಡ್ಕೊಳ್ಳದೆ ಅರ್ಧ ಜನ ಮೊದಲ ದಿನವೇ ಕುಂಟ್ತಾ ಇಳೀತಾರೆ.

ಕಾಲು ಪೂರ್ತಿ ತೂರ್ಸ್ಬೇಡಿ, ಪಾದದ ಮುಂಭಾಗ ಮಾತ್ರ, ಹಿಮ್ಮಡಿ ಕೆಳಗೆ. ಲಗಾಮು ಒಂದೇ ಕೈಲಿ. ಎಡಕ್ಕೆ ತಿರುಗ್ಬೇಕಂದ್ರೆ ಕೈ ಎಡಕ್ಕೆ, ಲಗಾಮು ಕತ್ತಿಗೆ ಒರಗಿದ್ರೆ ಸಾಕು, ಬಾಯಿ ಹಿಡಿದು ಜಗ್ಗಾಡ್ಬೇಡಿ. ಲಗಾಮನ್ನಾಗ್ಲಿ ಹಗ್ಗವನ್ನಾಗ್ಲಿ ಕೈಗೆ ಸುತ್ಕೋಬೇಡಿ, ಬೆರಳು ಹೋಗತ್ತೆ. ಹೊರಡಕ್ಕೆ "ಚು!" ಅನ್ಬೇಕು, ನಿಲ್ಲಿಸಕ್ಕೆ ನಾಲಗೆ ಹೊರಳಿಸಿ "ಡ್ರ್ರ್ರ್". ನಮ್ಮೋರು ತುಂಬಾ ಮರ್ಯಾದೆಯಾಗಿ ಪಿಸುಗುಟ್ತಾರೆ, ಕುದುರೆ ಕಿವಿ ಕೂಡ ಅಲ್ಲಾಡ್ಸಲ್ಲ. ಹೊಟ್ಟೆಯಿಂದ ಬರ್ಬೇಕು ಸೌಂಡು, ಹೊಲ ಉಳೋವಾಗ ಎತ್ತಿಗೆ ಗದರಿಸ್ತಾರಲ್ಲ ಹಂಗೆ.

ಹೋಗ್ತಾ ಹೋಗ್ತಾ ಕುದುರೆ ತಲೆ ಬಗ್ಗಿಸಿ ಹುಲ್ಲು ಮೇಯಕ್ಕೆ ಶುರು ಮಾಡತ್ತೆ, ಪಾಪ ತಿನ್ಲಿ ಅಂತ ಬಿಟ್ರಿ ಅಂದ್ರೆ ಮೂರು ದಿನವೂ ಅದೇ ಕಥೆ. ಮೊದಲ ಸಲವೇ ಲಗಾಮು ಎತ್ತಿ ಹಿಮ್ಮಡೀಲಿ ಒತ್ತಿ.

ಹಂತ 8: ದಾರೀಲಿ

ಏರು ದಾರೀಲಿ ಮುಂದಕ್ಕೆ ಬಾಗಿ, ಇಳಿಜಾರಿನಲ್ಲಿ ಹಿಂದಕ್ಕೆ ಒರಗಿ. ತುಂಬಾ ಕಡಿದಾದ ಇಳಿಜಾರು ಬಂದ್ರೆ ಇಳಿದು ನಡೀರಿ, ನಾಚಿಕೆ ಏನಿಲ್ಲ, ಮಂಡಿಗೂ ರೆಸ್ಟು ಕುದುರೆಗೂ ರೆಸ್ಟು. ಮುಂದಿನ ಕುದುರೆಗೆ ಮೂತಿ ತಾಗೋ ಹಂಗೆ ಹೋಗ್ಬೇಡಿ, ಅದು ಒದ್ರೆ ನಿಮ್ಮ ಮೊಣಕಾಲಿಗೇ ಬೀಳೋದು.

ತೊರೆ ದಾಟೋವಾಗ ಕುದುರೆಗೇ ಬಿಟ್ಬಿಡಿ, ಕಾಲಿಡೋ ಜಾಗ ಅದೇ ನೋಡ್ಕೊಳತ್ತೆ. ಆದ್ರೆ ನೀರಿನ ಮಧ್ಯ ನಿಂತು ಮುಂಗಾಲಲ್ಲಿ ನೀರು ಬಡಿಯಕ್ಕೆ ಶುರು ಮಾಡ್ತು ಅಂದ್ರೆ ಅದು ಮಲಗಿ ಹೊರಳೋ ಪ್ಲಾನು, ತಕ್ಷಣ ಜೋರಾಗಿ ಚು ಅಂದು ಮುಂದೆ ಹೊರಡಿಸಿ.

ಸರೋವರದ ಬಯಲು ಕಂಡಾಗ ಎಲ್ರಿಗೂ ಗ್ಯಾಲಪ್, ಅಂದ್ರೆ ನಾಗಾಲೋಟದಲ್ಲಿ ಓಡಿಸೋ ಆಸೆ ಬರತ್ತೆ. ದೂರದಿಂದ ಹಾಸಿದ ಚಾಪೆ ಥರ ಕಾಣತ್ತೆ, ಹತ್ರ ಹೋದ್ರೆ ಮಾರ್ಮಟ್‌ಗಳು ತೋಡಿದ ಬಿಲ. ಮಾರ್ಮಟ್ ಅಂದ್ರೆ ದಪ್ಪ ಅಳಿಲಿನ ಥರದ ಪ್ರಾಣಿ, ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಸಿಳ್ಳೆ ಹೊಡೆಯತ್ತೆ. ಓಡೋ ಕುದುರೆ ಕಾಲು ಆ ಬಿಲಕ್ಕೆ ಹೋದ್ರೆ ಕುದುರೆಗೂ ಕಾಲಿಲ್ಲ ನಿಮಗೂ ಇಲ್ಲ. ಓಡಿಸಲೇಬೇಕಂದ್ರೆ ಗೈಡ್ ತೋರಿಸಿದ ಜಾಗದಲ್ಲಿ, ಅವನ ಹಿಂದೆ ಮಾತ್ರ.

ಪಾಸನ್ನ ಮಧ್ಯಾಹ್ನದೊಳಗೆ ದಾಟ್ಬೇಕು, ಯಾಕಂದ್ರೆ ಗುಡುಗು ಸಿಡಿಲು ಬರೋದು ಮಧ್ಯಾಹ್ನದ ಮೇಲೆ. ಬೆಳಗ್ಗೆ ಎಂಟಕ್ಕೆ ಕುದುರೆ ಮೇಲಿರ್ಬೇಕು ಅಂತ ಹಿಂದಿನ ರಾತ್ರಿಯೇ ಗೈಡ್‌ಗೆ ಹೇಳಿ. ಟೀ, ಬ್ರೆಡ್ಡು, ಇನ್ನೊಂದು ಟೀ ಅಂತ ಹತ್ತಾಗೋದು ಅಲ್ಲಿನ ಪದ್ಧತಿ.

ಈಗ ಎತ್ತರದ ವಿಷ್ಯಕ್ಕೆ ಬರ್ತೀನಿ. ಸುಸ್ತಾಗಲ್ಲ ಅಂತ ನೀರು ಕುಡಿಯೋದು ಮರೀತೀರ, ಹಂಗಾಗಿ ಗಂಟೆಗೊಂದ್ಸಲ ನೆನಪು ಮಾಡ್ಕೊಂಡು ಕುಡೀರಿ. ಏರು ದಾರೀಲಿ ಆಗಾಗ ಹತ್ತು ನಿಮಿಷ ಇಳಿದು ಕುದುರೆ ಜೊತೆ ನಡೀರಿ, ನಿಮ್ಮ ಉಸಿರು ಎಲ್ಲಿಗೆ ಬಂದಿದೆ ಅಂತ ಆಗಲೇ ಗೊತ್ತಾಗೋದು. ಮಾತಾಡಿದ್ರೇ ಏದುಸಿರು ಬರ್ತಿದ್ರೆ ಗೈಡ್‌ಗೆ ಹೇಳಿ. ಸಂಜೆ ತಲೆನೋವು, ಊಟ ಸೇರದಿರೋದು, ವಾಕರಿಕೆ, ನಿದ್ದೆ ಬರದೇ ಇರೋದು, ಇವು ಎತ್ತರದ ಕಾಯಿಲೆಯ ಶುರು. ಅಷ್ಟಕ್ಕೇ ನಿಂತ್ರೆ ಅಲ್ಲೇ ರೆಸ್ಟ್ ಮಾಡಿ, ಇನ್ನೂ ಮೇಲೆ ಹೋಗ್ಬೇಡಿ. ಜಾಸ್ತಿ ಆಗ್ತಿದ್ರೆ, ತೂರಾಡ್ತಿದ್ರೆ, ಕೂತಲ್ಲೇ ಏದುಸಿರು ಬಂದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, ಕೆಳಗಿಳೀಬೇಕು. ಸರೋವರದವರೆಗೆ ಕಲ್ಮಾಕ್-ಅಶೂ ಪಾಸ್ ಮೇಲಿಂದ ಕಾರು ರಸ್ತೆ ಇದೆ, ಯುರ್ಟ್‌ನವರು ಗಾಡಿ ಹೊಂದಿಸ್ತಾರೆ. ತಲೆ ನೋಯ್ತಿದೆ ಅನ್ನಕ್ಕೆ ರಷ್ಯನ್‌ನಲ್ಲಿ "ಗಲವಾ ಬಲಿತ್". ಆಂಬ್ಯುಲೆನ್ಸ್ ನಂಬರ್ 103. ಎತ್ತರದ ಕಾಯಿಲೆ ತಡೆಯಕ್ಕೆ ಕೊಡೋ ಡೈಮಾಕ್ಸ್ ಮಾತ್ರೆ ತಗೋಬೇಕಾ ಅನ್ನೋದನ್ನ ಇಲ್ಲೇ ನಿಮ್ಮ ಡಾಕ್ಟರ್ ಹತ್ರ ಕೇಳಿ, ಸಲ್ಫಾ ಅಲರ್ಜಿ ಇದ್ರೆ ಮರೀದೆ ಹೇಳಿ. ಬಿಪಿ, ಹಾರ್ಟು, ಅಸ್ತಮಾ ಇರೋರು ಡಾಕ್ಟರ್ ಹೂಂ ಅನ್ನದೆ ಹೊರಡ್ಬೇಡಿ.

ಹಂತ 9: ರಾತ್ರಿ, ಯುರ್ಟ್ ಅಥವಾ ಟೆಂಟ್

ಯುರ್ಟ್ ಒಳಗೆ ಹೋಗೋವಾಗ ಹೊಸಿಲು ತುಳೀಬೇಡಿ, ನಮಗಿದು ಹೇಳಿಕೊಡ್ಬೇಕಿಲ್ಲ. ಬಾಗಿಲಿಗೆ ಎದುರಿನ ಜಾಗ ಹಿರಿಯರಿಗೆ, ಅವರೇ ಕೂರಿ ಅಂದ್ರೆ ಮಾತ್ರ ಕೂರಿ. ಬ್ರೆಡ್ಡನ್ನ ಬೋರಲು ಹಾಕ್ಬೇಡಿ. ಮೇಲೆ ನೋಡಿದ್ರೆ ದುಂಡನೆ ಮರದ ಚೌಕಟ್ಟು ಕಾಣತ್ತೆ, ಅದಕ್ಕೆ ತುಂದುಕ್ ಅಂತಾರೆ, ಅವರ ದೇಶದ ಬಾವುಟದ ಮಧ್ಯ ಇರೋದೂ ಅದೇ. ಚಳಿ ಅಂತ ಅದನ್ನ ಪೂರ್ತಿ ಮುಚ್ಚಿಸ್ಬೇಡಿ. ಒಳಗೆ ಒಲೆ ಉರೀತಿರತ್ತೆ, ಗಾಳಿ ಆಡದಿದ್ರೆ ಇಂಗಾಲದ ಮಾನಾಕ್ಸೈಡ್ ತುಂಬ್ಕೊಳತ್ತೆ, ಅದಕ್ಕೆ ವಾಸನೆ ಇಲ್ಲ, ಮಲಗಿದೋರು ಏಳಲ್ಲ.

ಆ ಒಲೆಗೆ ಹಾಕೋದು ಏನು ಗೊತ್ತಾ, ಬೆರಣಿ. ಉತ್ತರ ಕರ್ನಾಟಕದೋರಿಗೆ ಕುಳ್ಳು. ಮರವೇ ಇಲ್ಲದ ಜಾಗ, ಸಗಣಿ ಒಣಗಿಸಿ ಗೋಡೆ ಥರ ಒಟ್ಟಿಟ್ಟಿರ್ತಾರೆ, ಆ ಹೊಗೆ ವಾಸನೆ ಮೂಗಿಗೆ ಬಿದ್ದ ಕೂಡ್ಲೇ ನಂಗೆ ಅಜ್ಜಿ ಮನೆ ಹಂಡೆ ಒಲೆ ನೆನಪಾಯ್ತು. ಒಂದೇ ತೊಂದರೆ, ಸಂಜೆ ಬನಿಯನ್‌ನಲ್ಲಿ ಕೂರೋ ಅಷ್ಟು ಶಾಖ, ರಾತ್ರಿ ಎರಡಕ್ಕೆಲ್ಲಾ ಬೂದಿ. ಹಂಗಾಗಿ ಮಲಗೋವಾಗ್ಲೇ ಥರ್ಮಲ್ ಹಾಕ್ಕೊಂಡು ಮಲಗಿ. ಕೌದಿ ಥರದ ದಪ್ಪ ಹಾಸಿಗೆ, ರಜಾಯಿ ಎಷ್ಟು ಬೇಕಾದ್ರೂ ಕೊಡ್ತಾರೆ. ಟಾಯ್ಲೆಟ್ ಹೊರಗೆ, ಗುಂಡಿ, ಐವತ್ತು ನೂರು ಹೆಜ್ಜೆ ದೂರ. ರಾತ್ರಿ ಹೋಗೋವಾಗ ಟಾರ್ಚ್ ಜೊತೆ ಗೈಡ್‌ನೂ ಎಬ್ಬಿಸಿ, ಕುರಿ ಕಾಯೋ ನಾಯಿಗಳಿಗೆ ಹಗಲು ಪರಿಚಯ ಆಗಿದ್ದು ರಾತ್ರಿ ನೆನಪಿರಲ್ಲ.

ಟೆಂಟ್ ಹಾಕೋರಿಗೆ: ಹುಲ್ಲುಗಾವಲು ಖಾಲಿ ಕಂಡ್ರೂ ಯಾವುದಾದ್ರೂ ಒಂದು ಕುಟುಂಬ ಮೇಯಿಸೋ ಜಾಗ, ಹತ್ತಿರದ ಯುರ್ಟ್‌ಗೆ ಹೋಗಿ ಒಂದು ಮಾತು ಕೇಳಿ. ತಗ್ಗಲ್ಲಿ, ತೊರೆ ಪಕ್ಕ ಹಾಕ್ಬೇಡಿ, ಮಳೆ ಬಂದ್ರೆ ನೀರು ಅಲ್ಲಿಗೇ ಬರೋದು. ಸ್ಲೀಪಿಂಗ್ ಬ್ಯಾಗ್ ಮೈನಸ್ ಐದು ಡಿಗ್ರಿ ಕಂಫರ್ಟ್ ಇರೋದು ಬೇಕು. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡಲ್ಲ, ಬಿಷ್ಕೆಕ್‌ನ ಔಟ್‌ಡೋರ್ ಅಂಗಡೀಲಿ ತಗೊಳ್ಳಿ. ಕುದುರೆಯನ್ನ ಟೆಂಟ್ ಹಗ್ಗಕ್ಕಾಗ್ಲಿ ಅದರ ಗೂಟಕ್ಕಾಗ್ಲಿ ಕಟ್ಟೋ ಐಡಿಯಾ ಮಾಡ್ಬೇಡಿ, ಟೆಂಟ್ ಸಮೇತ ಹೋಗತ್ತೆ. ಗೈಡ್ ಅದರ ಮುಂಗಾಲುಗಳಿಗೆ ತುಶೋ ಅನ್ನೋ ಕಾಲುಕಟ್ಟು ಹಾಕಿ ಬಿಡ್ತಾನೆ, ಮೇಯೋ ಅಷ್ಟು ಕುಪ್ಪಳಿಸ್ಬಹುದು, ಓಡಕ್ಕಾಗಲ್ಲ. ಮಗು ಹೆಜ್ಜೆ ಇಡಕ್ಕೆ ಶುರು ಮಾಡಿದಾಗ ಅದರ ಕಾಲಿಗೂ ಒಂದು ದಾರದ ತುಶೋ ಕಟ್ಟಿ ಕತ್ತರಿಸೋ ಶಾಸ್ತ್ರ ಇದೆ ಅವರಲ್ಲಿ, ಇನ್ಮೇಲೆ ಓಡು ಅಂತ.

ಹಂತ 10: ಊಟ, ಅದರಲ್ಲೂ ವೆಜ್

ಬರೀ ವೆಜಿಟೇರಿಯನ್ ಅಂದ್ರೆ ಕೆಲಸ ಆಗಲ್ಲ. ಮಾಂಸದ ತುಂಡು ತೆಗೆದು ಅದೇ ಸಾರು ಬಡಿಸ್ತಾರೆ, ಅವರ ಲೆಕ್ಕದಲ್ಲಿ ಅದು ವೆಜ್ಜೇ. ಬುಕ್ ಮಾಡೋವಾಗ್ಲೇ ಸಾರಿಗೂ ಮಾಂಸ ಹಾಕ್ಬೇಡಿ ಅಂತ ಬಿಡಿಸಿ ಹೇಳಿ, ಮೇಲಕ್ಕೆ ಸಾಮಾನು ಹೊತ್ತುಕೊಂಡು ಹೋಗೋದು ಕೆಳಗಿನ ಊರಿಂದಲೇ ಅಲ್ವಾ. ಕಿರ್ಗಿಜ್‌ನಲ್ಲಿ "ಮೆನ್ ಎತ್ ಜೆಬೆಯ್ಮ್", ನಾನು ಮಾಂಸ ತಿನ್ನಲ್ಲ. ರಷ್ಯನ್‌ನಲ್ಲಿ "ಬೆಝ್ ಮ್ಯಾಸಾ", ಮಾಂಸ ಇಲ್ಲದೆ. ಮಾಂಸ ತಿನ್ನೋರೂ ಕೇಳಿ ತಿನ್ನಿ, ಕುರಿ ಜೊತೆ ಕುದುರೆ ಮಾಂಸವೂ ಅಲ್ಲಿ ಮಾಮೂಲಿ.

ಧಾರಾಳವಾಗಿ ಸಿಗೋದು ಬ್ರೆಡ್ಡು, ಬೋರ್ಸೋಕ್ ಅನ್ನೋ ಕರಿದ ಹಿಟ್ಟಿನ ಉಂಡೆ, ಜಾಮು, ಕಾಯ್ಮಾಕ್. ಕಾಯ್ಮಾಕ್ ಅಂದ್ರೆ ಗಟ್ಟಿ ಕೆನೆ, ಬ್ರೆಡ್ ಮೇಲೆ ಹಚ್ಕೊಂಡು ತಿಂದ್ರೆ ಸ್ವರ್ಗ. ಮನೆಯಿಂದ ಚಟ್ನಿಪುಡಿ, ಗಟ್ಟಿ ಅವಲಕ್ಕಿ, ಬಿಸಿನೀರು ಹಾಕಿದ್ರೆ ಆಗೋ ಉಪ್ಪಿಟ್ಟಿನ ಮಿಕ್ಸು ತಗೊಂಡೋಗಿ. ಬೇಳೆ ಅಕ್ಕಿ ಹೊತ್ಕೊಂಡು ಹೋಗಿ ಸಾರನ್ನ ಮಾಡ್ತೀನಿ ಅನ್ನೋರಿಗೆ ಒಂದು ಮಾತು, ಆ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದ್ದುಬಿಡತ್ತೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೆಳಗಾದ್ರೂ ಬೇಯಲ್ಲ.

ಕುಮಿಸ್ ಕೊಟ್ಟೇ ಕೊಡ್ತಾರೆ. ಕುದುರೆ ಹಾಲನ್ನ ಹುಳಿ ಬರಿಸಿದ್ದು, ಹುಳಿ ಮಜ್ಜಿಗೆಗೆ ಸ್ವಲ್ಪ ಹೊಗೆ ಸ್ವಲ್ಪ ಸೋಡಾ ಸೇರಿಸಿದಂಗೆ, ಚೂರು ಆಲ್ಕೋಹಾಲೂ ಇರತ್ತೆ. ಎರಡು ಗುಟುಕು ಕುಡಿದು "ರಹ್ಮಾತ್" ಅನ್ನಿ, ಥ್ಯಾಂಕ್ಸ್ ಅಂತ. ಬಟ್ಟಲು ಖಾಲಿ ಮಾಡಿದ್ರೆ ಮತ್ತೆ ತುಂಬ್ತಾರೆ, ರೂಢಿ ಇಲ್ಲದ ಹೊಟ್ಟೆ ಆ ರಾತ್ರಿ ಐವತ್ತು ಹೆಜ್ಜೆ ದೂರದ ಗುಂಡಿಗೆ ನಾಲ್ಕು ಸಲ ಓಡಿಸತ್ತೆ. ತೊರೆ ನೀರು ಎಷ್ಟೇ ತಿಳಿಯಾಗಿ ಕಂಡ್ರೂ ಮೇಲ್ಗಡೆ ಸಾವಿರ ಕುರಿ ಇವೆ ಅಂತ ನೆನಪಿಟ್ಕೊಂಡು ಕುದಿಸಿ ಇಲ್ಲ ಫಿಲ್ಟರ್ ಮಾಡಿ ಕುಡೀರಿ.

ಹಂತ 11: ವಾಪಸ್ ಬರೋ ದಿನ

ಹೆಚ್ಚಿನವರು ಬೀಳೋದು ಮೂರನೇ ದಿನ, ಕಲ್ತುಬಿಟ್ಟೆ ಅನ್ನೋ ಧೈರ್ಯ ಬಂದಿರತ್ತೆ, ಕುದುರೆಗೂ ಮನೆ ಕಡೆ ಹೊರಟಿದೀವಿ ಅಂತ ಗೊತ್ತಾಗಿ ಹೆಜ್ಜೆ ಜೋರಾಗತ್ತೆ. ಲಗಾಮು ಗಿಡ್ಡ ಹಿಡೀರಿ, ಸೆಲ್ಫಿ ಸ್ಟಿಕ್ ಚೀಲದೊಳಗಿರ್ಲಿ. ನೀವು ತಂದ ಪ್ಲಾಸ್ಟಿಕ್, ವೆಟ್ ವೈಪ್ಸು, ಬ್ಯಾಟರಿ ನೀವೇ ಕೆಳಗೆ ತನ್ನಿ, ಮೇಲೆ ಕಸದ ಗಾಡಿ ಬರಲ್ಲ.

ಇಳಿಯೋವಾಗ ಎರಡೂ ಕಾಲು ರಿಕಾಪಿಂದ ತೆಗೆದು ಆಮೇಲೆ ಜಾರಿ, ನೆಲ ಮುಟ್ಟಿದ್ಮೇಲೂ ಒಂದು ನಿಮಿಷ ಜೀನು ಹಿಡ್ಕೊಂಡೇ ನಿಂತಿರಿ, ಮಂಡಿ ಕೈಕೊಡತ್ತೆ. ಅದೇ ದಿನ ಬಿಷ್ಕೆಕ್ ಟ್ಯಾಕ್ಸಿ ಹತ್ತೋ ಪ್ಲಾನ್ ಬೇಡ, ಇನ್ನೂ ನಾಲ್ಕು ಗಂಟೆ ಕೂರೋ ಸ್ಥಿತೀಲಿ ನೀವಿರಲ್ಲ. ಕೊಚ್ಕೋರ್‌ನ ಗೆಸ್ಟ್‌ಹೌಸ್‌ನಲ್ಲಿ ಬಾನ್ಯಾ ಇದೆಯಾ ಅಂತ ಕೇಳಿ, ಅದು ಹಬೆ ಸ್ನಾನದ ಮನೆ, ಕಾಯಿಸೋಕೆ ಒಂದೆರಡು ಗಂಟೆ ಬೇಕು, ಹಂಗಾಗಿ ಮೂರು ದಿನದ ಹಿಂದೆ ಹೊರಡೋವಾಗ್ಲೇ ಇಂಥ ದಿನ ಸಂಜೆಗೆ ಬೇಕು ಅಂತ ಹೇಳಿಟ್ಟಿರಿ.